ಹುಳು ತಿಂದ ಮೇಲೆ ಬರೆದ ಪತ್ರ

ಮೂರನೆಯ ತೂತಿನ ಮೇಲೆ ಬಂದಾಗ ನನ್ನ ಕೈಯಲ್ಲಿದ್ದ ಭೂತಗನ್ನಡಿ ತಾನಾಗಿಯೇ ನಿಂತಿತು.

ಪುಸ್ತಕದ ಹುಳುವಿಗೆ ಓದುಬರಹ ಬರುವುದಿಲ್ಲ. ಎದುರಿಗೆ ಅಕ್ಷರ ಸಿಕ್ಕರೆ ಅಕ್ಷರ, ಖಾಲಿ ಜಾಗ ಸಿಕ್ಕರೆ ಖಾಲಿ ಜಾಗ, ಎಲ್ಲವನ್ನೂ ಕೊರೆದುಕೊಂಡು ಮುಂದಕ್ಕೆ ಹೋಗುತ್ತದೆ. ಬರೆದಿಟ್ಟ ಪತ್ರವನ್ನು ಹುಳು ತಿಂದಿದ್ದರೆ ಅಕ್ಷರಗಳು ಅರ್ಧಕ್ಕೆ ತುಂಡಾಗಿರಬೇಕಿತ್ತು. ಇಲ್ಲಿ ಒಂದಕ್ಷರಕ್ಕೂ ಪೆಟ್ಟಾಗಿರಲಿಲ್ಲ. ಬರೆದವನ ಪೆನ್ನು ತೂತಿನ ಹತ್ತಿರ ಬಂದು, ಗುಂಡಿ ಕಂಡ ಸೈಕಲ್ಲಿನ ಹಾಗೆ ಪಕ್ಕಕ್ಕೆ ಸರಿದು ಹೋಗಿತ್ತು. ಒಂದು ಕಡೆ ಮಾತ್ರ ಲೆಕ್ಕ ತಪ್ಪಿ, ಶಾಯಿ ತೂತಿನ ಒಳ ಅಂಚಿಗೂ ಇಳಿದಿತ್ತು.

ಅಂದರೆ ಹುಳು ಮೊದಲು, ಶಾಯಿ ಆಮೇಲೆ. ಕಚೇರಿಯ ಪತ್ರವನ್ನು ಯಾರೂ ಹುಳು ತಿಂದ ಕಾಗದದ ಮೇಲೆ ಬರೆಯುವುದಿಲ್ಲ.

ನಲವತ್ತೊಂದು ವರ್ಷದ ಹಿಂದಿನದು ಎಂದು ಇವತ್ತು ನಾಲ್ಕು ಗಂಟೆಗೆ ಸಭೆಯ ಮುಂದೆ ಬಿಚ್ಚಲಿದ್ದ ಪತ್ರ ನಕಲಿ. ಗೋಡೆಯ ಗಡಿಯಾರ ನೋಡಿದೆ. ಎರಡು ಹೊಡೆದು ಹತ್ತು ನಿಮಿಷ.

ಈ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಮೂವತ್ತಾರು ವರ್ಷ ಹರಿದ ಪುಸ್ತಕಗಳಿಗೆ ಅಂಟು ಹಚ್ಚಿ ನಿವೃತ್ತಳಾದವಳು ನಾನು. ಎದುರಿಗೆ ಎಲ್ಲರೂ ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ಅಂಟಜ್ಜಿ. ಅನ್ನಲಿ ಬಿಡಿ, ಅಂಟಿಕೊಂಡರೆ ಬಿಡದ ಗುಣ ನನಗೆ ಇದ್ದೇ ಇದೆ. ಬೆಳಿಗ್ಗೆ ಮುಖ್ಯ ಗ್ರಂಥಪಾಲಕರು ತಾವೇ ಫೋನು ಮಾಡಿ ಕರೆಸಿದ್ದರು. ಅವರನ್ನು ನಾವೆಲ್ಲ ಪಿಸುಸಾಹೇಬರು ಎಂದು ಕರೆಯುತ್ತೇವೆ. 'ನಿಶ್ಶಬ್ದ' ಎಂಬ ಬೋರ್ಡಿನ ಕೆಳಗೆ ಮೂವತ್ತು ವರ್ಷ ಕೂತು ಕೂತು, ಬಸ್ಸಿನಲ್ಲಿ ಟಿಕೆಟ್ಟು ಕೇಳುವಾಗಲೂ ಅವರು ಪಿಸುಗುಡುವುದೇ.

"ಪತ್ರ ಒಂದ್ಸಲ ನೋಡಿಬಿಡಿ ಮೇಡಂ. ಆದ್ರೆ ಯಾರ ಹತ್ರಾನೂ ಬಾಯಿ ಬಿಡಬೇಡಿ, ಭಾಷಣ ಮಾಡೋ ಮೇಷ್ಟ್ರ ಹತ್ರಾನೂ. ಏನಿದ್ರೂ ವೇದಿಕೆ ಮೇಲೇ ಹೇಳಿ. ಮುಚ್ಚುಮರೆ ಬೇಡ ನೋಡಿ," ಎಂದಿದ್ದರು.

ಎಷ್ಟು ದೊಡ್ಡ ಮನಸ್ಸು ಎಂದುಕೊಂಡೆ. ಯಾಕೆಂದರೆ ಆ ಪತ್ರ ಹೊರಗೆ ಬಂದರೆ ಮೊದಲು ಮಾನ ಹೋಗುವುದು ಅವರ ಮಾವನದು.

ಕತೆ ಇಷ್ಟೇ. ನಲವತ್ತೊಂದು ವರ್ಷದ ಹಿಂದೆ ಗ್ರಂಥಾಲಯದ ಉತ್ತರದ ಕೋಣೆಗೆ ಬೆಂಕಿ ಬಿತ್ತು. ಅಂಟು ಕಾಯಿಸುವ ಕರೆಂಟಿನ ಒಲೆಯನ್ನು ಆರಿಸದೆ ಹೋದ ಎಂದು ಒಬ್ಬ ಅಟೆಂಡರನ್ನು ಕೆಲಸದಿಂದ ತೆಗೆದರು. ನಾನು ಕೆಲಸಕ್ಕೆ ಸೇರಿದ್ದು ಅದಾದ ಎರಡು ವರ್ಷಕ್ಕೆ. ಅಷ್ಟರಲ್ಲಿ ಆತ ಒಂದು ಗಾದೆಯಾಗಿಬಿಟ್ಟಿದ್ದರು. ಸಂಜೆ ಬೀಗ ಹಾಕುವಾಗ ಯಾರಾದರೊಬ್ಬರು "ಒಲೆ ಆರಿಸಿದ್ಯೇನಯ್ಯಾ?" ಅನ್ನಬೇಕು, ಉಳಿದವರು ನಗಬೇಕು. ನಾನೂ ನಕ್ಕಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಆದರೆ ಆತ ಅಂದಿನಿಂದಲೂ ಒಂದೇ ಮಾತು ಹೇಳುತ್ತಿದ್ದರು. ತಪ್ಪು ತನ್ನದಲ್ಲ, ಗೋಡೆಯ ವೈರು ಸುಟ್ಟ ವಾಸನೆ ಬರುತ್ತಿದೆ ಎಂದು ಮೂರು ಸಲ ಹೇಳಿದ್ದೆ, ಆಗಿನ ಗ್ರಂಥಪಾಲಕರು ಅದನ್ನು ಒಪ್ಪಿಕೊಂಡು ಕುಲಸಚಿವರಿಗೆ ಪತ್ರ ಬರೆದಿದ್ದರು, ಆ ಪತ್ರ ಎಲ್ಲೋ ಇದೆ ಎಂದು. ಬರೆದ ಗ್ರಂಥಪಾಲಕರು ಅದೇ ವಾರ ಲಕ್ವ ಹೊಡೆದು ಮಾತು ಕಳೆದುಕೊಂಡರು. ಕುಲಸಚಿವರು ಅಂಥ ಪತ್ರವೇ ಬಂದಿಲ್ಲ ಎಂದರು. ಆ ಕುಲಸಚಿವರೇ ಪಿಸುಸಾಹೇಬರ ಮಾವ. ಇವತ್ತು ಭಾಷಣ ನಡೆಯುವ ಸಭಾಂಗಣಕ್ಕೆ ಅವರದೇ ಹೆಸರು, ವೇದಿಕೆಯ ಮೇಲೆ ಅವರದೇ ದೊಡ್ಡ ಪಟ.

ನಮ್ಮಲ್ಲಿ ತಿಂಗಳ ಮೊದಲ ಶನಿವಾರ 'ತಿಂಗಳಿಗೊಂದು ಪೆಟ್ಟಿಗೆ' ಎಂಬ ಭಾಷಣಮಾಲೆ ನಡೆಯುತ್ತದೆ. ವಿಶೇಷ ಸಂಗ್ರಹದಿಂದ ಒಂದು ಪೆಟ್ಟಿಗೆ ಆರಿಸಿಕೊಂಡು, ಅದರೊಳಗೆ ಏನಿದೆ ಎಂದು ವಿದ್ವಾಂಸರೊಬ್ಬರು ಜನರಿಗೆ ಹೇಳಬೇಕು. ಈ ತಿಂಗಳ ಸರದಿ ಇತಿಹಾಸದ ಮೇಷ್ಟ್ರದು. ಮೂರು ವಾರದ ಹಿಂದೆ ಕುಲಸಚಿವರ ಹಳೆಯ ಕಡತಗಳಲ್ಲಿ, ಹದಿನೇಳನೆಯ ಪೆಟ್ಟಿಗೆಯ ತಳದಲ್ಲಿ, ಅವರಿಗೆ ಆ ಪತ್ರ ಸಿಕ್ಕಿತ್ತು.

ಅದೇ ಈಗ ನನ್ನ ಮೇಜಿನ ಮೇಲೆ ಮೂರು ತೂತು ಬಿಟ್ಟುಕೊಂಡು ಮಲಗಿತ್ತು. ಕಾಗದ ಹಳೆಯದೇ. ಎಡಗಡೆ ಮಾಸಿದ ಕೆಂಪು ಗೆರೆ. ಅಂಥ ಗೆರೆಯ ಕಾಗದ ನಮ್ಮಲ್ಲಿರುವುದು ಒಂದೇ ಕಡೆ, ಪುಸ್ತಕ ದಾಖಲಿಸುತ್ತಿದ್ದ ಹಳೆಯ ರಿಜಿಸ್ಟರಿನಲ್ಲಿ. ಅದು ನಲವತ್ತೊಂದನೆಯ ಪೆಟ್ಟಿಗೆ. ಅದರ ಬೆನ್ನಿಗೆ ಹೊಸ ಬಟ್ಟೆ ಹಾಕಿದ್ದು ಈ ಎರಡು ಕೈಗಳೇ.

ನಕಲಿ ಪತ್ರವನ್ನು ಕಡತದೊಳಗಿಟ್ಟು, ಕಡತ ಕಂಕುಳಲ್ಲಿಟ್ಟು, ಕೆಳಗಿನ ಪೆಟ್ಟಿಗೆ ಕೋಣೆಗೆ ಇಳಿದೆ.

ಆ ಕೋಣೆಯ ಒಡತಿಯನ್ನು ಬೀಗದ ಹುಡುಗಿ ಎಂದೇ ಎಲ್ಲರೂ ಕರೆಯುವುದು. ಹುಡುಗಿಗೆ ಈಗ ನಲವತ್ತಾರು, ಅದು ಬೇರೆ ಮಾತು. ಹದಿನೆಂಟು ವರ್ಷದಿಂದ ವಿಶೇಷ ಸಂಗ್ರಹದ ಬೀಗದಕೈ ಅವಳ ಸೊಂಟದಲ್ಲಿದೆ. ಕೆಲಸ ಕಲಿಸಿದವಳು ನಾನು. ಅವಳು ಆ ಅಟೆಂಡರ ಮಗಳು. ಇನ್ನೂ ಒಳ್ಳೆಯ ನೌಕರಿ ಸಿಕ್ಕಿದರೂ ಬಿಟ್ಟು ಇಲ್ಲಿಗೆ ಸೇರಿದ್ದು ಯಾಕೆಂದು ನನಗೊಬ್ಬಳಿಗೆ ಗೊತ್ತು. ಅಪ್ಪನ ಪತ್ರ ಹುಡುಕುವುದಕ್ಕೆ.

ಅವಳಿಗೆ ಲಾಭ ಇರುವ ಪತ್ರ, ಅವಳ ಕಾವಲಿನಲ್ಲಿರುವ ಕಾಗದ.

"ಬನ್ನಿ ದೊಡ್ಡಮ್ಮಾ," ಅಂದಳು. ಹೊಸ ಸೀರೆ ಉಟ್ಟಿದ್ದಳು. "ಅಪ್ಪ ಆಗ್ಲೇ ಹಾಲ್‌ಗೆ ಹೋಗಿ ಕೂತಿದಾರೆ. ನಾಲ್ಕಕ್ಕೆ ಅಂದ್ರೆ ಒಂದೂವರೆಗೇ ಬಂದಿದಾರೆ. ಬೆಳಿಗ್ಗೆಯಿಂದ ಅಂಗಿಗೆ ಮೂರು ಸಲ ಇಸ್ತ್ರಿ."

"ನಲವತ್ತೊಂದನೇ ಪೆಟ್ಟಿಗೆ ಕೊಡು."

"ಚೀಟಿ ಬರೀರಿ."

"ನನಗೂ ಚೀಟಿನಾ?"

"ನೀವೇ ಕಲಿಸಿದ್ದು. ಹೆತ್ತ ತಾಯಿ ಬಂದ್ರೂ ಚೀಟಿ ಬರೆಸು ಅಂತ."

ಬರೆದೆ. ಅವಳು ಪೆಟ್ಟಿಗೆ ಇಳಿಸಿ ತೂಕದ ಯಂತ್ರದ ಮೇಲಿಟ್ಟಳು. ನಮ್ಮಲ್ಲಿ ಪೆಟ್ಟಿಗೆ ಹೊರಗೆ ಹೋಗುವಾಗ ಒಂದು ತೂಕ, ಒಳಗೆ ಬರುವಾಗ ಒಂದು ತೂಕ. ಯಾರಾದರೂ ಹಾಳೆ ಕದ್ದರೆ ಗ್ರಾಮಿನ ಲೆಕ್ಕದಲ್ಲಿ ಸಿಕ್ಕಿಬೀಳಲಿ ಎಂದು. ಎರಡನ್ನೂ ಮುಚ್ಚಳದ ಒಳಗಿನ ಪಟ್ಟಿಯಲ್ಲಿ ಬರೆಯಬೇಕು. ನಾನು ಪಟ್ಟಿಯನ್ನು ಓದಿದೆ. ಕೊನೆಯ ಸಲ ಪೆಟ್ಟಿಗೆ ಹೊರಗೆ ಹೋದದ್ದು ಹೋದ ಮಂಗಳವಾರ. ಹೋಗುವಾಗ ನಾಲ್ಕು ಸಾವಿರದ ಮುನ್ನೂರ ಹದಿನೆಂಟು ಗ್ರಾಂ. ಬರುವಾಗ ನಾಲ್ಕು ಸಾವಿರದ ಮುನ್ನೂರ ಹನ್ನೆರಡು. ಪಡೆದವರ ಸಹಿ ಬೀಗದ ಹುಡುಗಿಯದೇ.

"ಆರು ಗ್ರಾಂ ಕಮ್ಮಿ ಇದೆಯಲ್ಲೇ?"

"ಒಣ ಹವೆ ದೊಡ್ಡಮ್ಮಾ. ಕಾಗದ ಹಗುರ ಆಗುತ್ತೆ. ಐದಾರು ಗ್ರಾಂ ಏರುಪೇರು ಯಾವಾಗ್ಲೂ ಇರುತ್ತಲ್ಲ."

ಇರುತ್ತದೆ, ನಿಜ. ಅದನ್ನೂ ನಾನೇ ಹೇಳಿಕೊಟ್ಟದ್ದು.

ರಿಜಿಸ್ಟರು ತೆಗೆದು ಹಿಂದಿನಿಂದ ಬಿಡಿಸಿದೆ. ಕೊನೆಯಲ್ಲಿ ಹದಿನೈದು ಇಪ್ಪತ್ತು ಖಾಲಿ ಹಾಳೆ. ಹೊಲಿಗೆಯ ಹತ್ತಿರ ಬೆರಳಾಡಿಸಿದಾಗ ಒಂದು ಕಡೆ ಕೂದಲಿನಷ್ಟು ಸಣ್ಣ ಅಂಚು ತಾಕಿತು. ಬ್ಲೇಡಿನಲ್ಲಿ ಕೊಯ್ದ ಅಂಚು, ಇನ್ನೂ ಬಿಳಿಯಾಗಿತ್ತು.

ಖಾಲಿ ಹಾಳೆಗೆ ನಮ್ಮಲ್ಲಿ ನಂಬರಿಲ್ಲ. ಬರೆದ ಹಾಳೆಗೆ ಮಾತ್ರ ಮೂಲೆಯಲ್ಲಿ ಪೆನ್ಸಿಲಿನ ನಂಬರು. "ಏನೂ ಇಲ್ಲದ ಹಾಳೆಯನ್ನ ಯಾವ ಕಳ್ಳ ಒಯ್ತಾನೆ?" ಎಂದು ಇಪ್ಪತ್ತು ವರ್ಷದ ಹಿಂದೆ ಆ ಪದ್ಧತಿ ಮಾಡಿದ ಬುದ್ಧಿವಂತೆ ಯಾರೆಂದು ಕೇಳಬೇಡಿ. ಇನ್ನೊಂದು ಪೆನ್ಸಿಲು ಸವೆಸಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಕಡತ ಬಿಚ್ಚಿ ಪತ್ರವನ್ನು ತೆಗೆದು, ಉಳಿದ ಖಾಲಿ ಹಾಳೆಯ ಮೇಲಿಟ್ಟೆ. ಮೂರು ತೂತಿನ ಕೆಳಗೆ ಮೂರು ತೂತು ಸರಿಯಾಗಿ ಕೂತವು. ಎರಡನ್ನೂ ಒಟ್ಟಿಗೆ ಎತ್ತಿ ಹಿಡಿದಾಗ ಮೂರರಲ್ಲೂ ಆಚೆಯ ಮೇಜಿನ ಬಣ್ಣ ಕಾಣಿಸಿತು.

"ಏನದು?" ಎಂದಳು ಅವಳು.

"ನಿಮ್ಮಪ್ಪನ ಪತ್ರ."

ತಕ್ಷಣ ಮುಖ ತಿರುಗಿಸಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. "ತೋರಿಸ್ಬೇಡಿ! ನಾನಿನ್ನೂ ನೋಡಿಲ್ಲ."

"ನೋಡಿಲ್ವಾ? ನಿನ್ನ ಬೀಗದ ಕೆಳಗೇ ಮೂರು ವಾರ ಇತ್ತು."

"ಮೇಷ್ಟ್ರು ಸಿಕ್ತು ಅಂದಾಗ ಕೈಕಾಲೇ ಆಡ್ಲಿಲ್ಲ. ಅಪ್ಪನ ಜೊತೇಲೇ ನೋಡ್ತೀನಿ ಅಂತ ಮನಸ್ಸಲ್ಲೇ ಆಣೆ ಇಟ್ಕೊಂಡೆ. ಆಮೇಲೆ ಭಾಷಣದ ಪೆಟ್ಟಿಗೆ ಅಂತ ಸಾಹೇಬ್ರು ಸೀಲ್ ಹಾಕಿಸಿದ್ರು."

"ಹದಿನೆಂಟು ವರ್ಷ ಹುಡುಕಿದವಳು, ಸಿಕ್ಕ ಮೇಲೆ ನೋಡ್ಲಿಲ್ಲ. ನನ್ನ ಕಿವಿ ಮೇಲೆ ಹೂವಿಡ್ಬೇಡ ಮಗಳೇ."

ಸೆರಗು ನಿಧಾನವಾಗಿ ಕೆಳಗಿಳಿಯಿತು. "ಏನು ಹೇಳ್ತಿದೀರ ನೀವು?"

"ಇದು ನಕಲಿ. ಈ ರಿಜಿಸ್ಟರಿನ ಹಾಳೆ ಕೊಯ್ದು ಬರೆದದ್ದು. ಮಂಗಳವಾರ ಪೆಟ್ಟಿಗೆ ತಗೊಂಡಿದ್ದು ನೀನು. ಪತ್ರದಲ್ಲಿ ಏನಿತ್ತು ಅಂತ ನಿಮ್ಮಪ್ಪನ ಬಾಯಲ್ಲಿ ಚಿಕ್ಕಂದಿನಿಂದ ಕೇಳಿದವಳೂ ನೀನೇ."

"ನಾನು ಸಹಿ ಹಾಕಿದೆ ಅಷ್ಟೇ. ಪೆಟ್ಟಿಗೆ ಹೋಗಿದ್ದು ಸಾಹೇಬರ ಕೋಣೆಗೆ."

"ಅವರ ಸಹಿ ಎಲ್ಲಿ?"

"ಸಾಹೇಬರ ಹತ್ರ ಯಾರು ಚೀಟಿ ಬರೆಸ್ತಾರೆ ದೊಡ್ಡಮ್ಮಾ? ಯಾವಾಗ್ಲೂ ನಾವೇ ಹಾಕ್ಕೊಳ್ಳೋದು. ನೀವೂ ಹಾಕ್ಕೊಂಡಿದೀರ."

ಹಾಕಿಕೊಂಡಿದ್ದೆ, ಎಷ್ಟೋ ಸಲ. ಆದರೆ ಆ ಗಳಿಗೆಯಲ್ಲಿ ಅದು ನನಗೆ ತಲೆ ತಪ್ಪಿಸಿಕೊಳ್ಳುವವರ ಮಾತಿನಂತೆ ಕೇಳಿಸಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೇಳುವುದು ಯಾರಿಗೆ? ಅದೂ ನಾನೇ ಕಟ್ಟಿದ ಬೇಲಿ. ಸಿಟ್ಟಿಗಿಂತ ಹೆಚ್ಚಾಗಿ ಸಂಕಟವಾಯಿತು.

"ಸಾಹೇಬರಿಗೆ ಇದನ್ನ ಬರೆದು ಏನಾಗಬೇಕಾಗಿದೆ? ಅವರ ಮಾವನ ಮರ್ಯಾದೆ ಅವರೇ ಕಳೀತಾರಾ?"

ಅವಳು ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡು ನಿಂತಳು.

"ವೇದಿಕೆ ಮೇಲೆ ಹೇಳ್ತೀರಾ?" ಎಂದು ಕೊನೆಗೆ ಕೇಳಿದಳು.

"ನಕಲಿ ಅಂತ ಗೊತ್ತಿದ್ದೂ ಅಸಲಿ ಅನ್ನೋಕೆ ನನ್ನಿಂದ ಆಗಲ್ಲ."

"ಅಪ್ಪ ಮುಂದಿನ ಸಾಲಲ್ಲೇ ಕೂತಿದಾರೆ. ನಲವತ್ತೊಂದು ವರ್ಷ ಒಲೆ ಆರಿಸದವನು ಅನ್ನಿಸ್ಕೊಂಡ್ರು. ಇವತ್ತಿಂದ ಸುಳ್ಳು ಪತ್ರ ಹುಟ್ಟಿಸಿದವನು ಅಂತಾರೆ. ಅವರು ಇದನ್ನ ತಡ್ಕೊಳಲ್ಲ ದೊಡ್ಡಮ್ಮಾ."

ನಾನು ಮೆಟ್ಟಿಲು ಹತ್ತಿದೆ. ಮೂರು ಗಂಟೆಗೆ ಪಿಸುಸಾಹೇಬರ ಕೋಣೆಗೆ ಹೋಗಿ ಕಡತವನ್ನು ಕೈಗಿತ್ತೆ. ಅವರು ಒಂದೇ ಪ್ರಶ್ನೆ ಕೇಳಿದರು.

"ಖಚಿತಾನಾ ಮೇಡಂ?"

"ಖಚಿತ."

ಖಚಿತ ಯಾವ ಕಡೆಗೆ ಎಂದು ಅವರು ಕೇಳಲಿಲ್ಲ. ಆಗಲೇ ನನಗೆ ಹೊಳೆಯಬೇಕಿತ್ತು. ವಯಸ್ಸಾಯಿತು, ಮಂಡಿಯ ಜೊತೆಗೆ ಬುದ್ಧಿಯೂ ನಿಧಾನ.

ಮೂರೂಮುಕ್ಕಾಲಿಗೆ ಸಭಾಂಗಣ ಮುಕ್ಕಾಲು ತುಂಬಿತ್ತು. ನಿವೃತ್ತ ಗುಮಾಸ್ತರು, ವಿದ್ಯಾರ್ಥಿಗಳು, ಎ.ಸಿ. ಗಾಳಿಗೆಂದೇ ಬರುವ ಇಬ್ಬರು ಮುದುಕಿಯರು. ಮುಂದಿನ ಸಾಲಿನ ಅಂಚಿನ ಕುರ್ಚಿಯಲ್ಲಿ ಆ ಅಟೆಂಡರು ಕೂತಿದ್ದರು. ಮಡಿಕೆ ಮುರಿಯದ ಬಿಳಿ ಅಂಗಿ. ಕೆಲಸದಿಂದ ತೆಗೆದ ಮೇಲೆ ಈ ಕಟ್ಟಡದ ಮೆಟ್ಟಿಲು ಹತ್ತಿದ್ದು ಇವತ್ತೇ ಮೊದಲು.

ನಾನು ಪಕ್ಕದಲ್ಲಿ ಕೂತೆ. ಬೇರೆಲ್ಲಿ ಕೂರಲೂ ಮನಸ್ಸಾಗಲಿಲ್ಲ.

"ಅಂಟಿನ ಕೋಣೆ ಅಮ್ಮ ಅಲ್ವಾ ನೀವು? ಮಗಳು ಹೇಳ್ತಿರ್ತಾಳೆ," ಎಂದರು. "ಈಗ ಒಲೆ ಯಾರು ಆರಿಸ್ತಾರೆ ತಾಯಿ?"

"ಈಗ ಒಲೇನೇ ಇಲ್ಲ ಅಣ್ಣಾ. ತಣ್ಣನೆ ಅಂಟು."

"ಒಳ್ಳೇದಾಯ್ತು ಬಿಡಿ," ಎಂದು ನಕ್ಕರು. ಆ ನಗು ನೋಡಿ ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತು.

ಇತಿಹಾಸದ ಮೇಷ್ಟ್ರು ವೇದಿಕೆಯಿಂದ ಬಗ್ಗಿ ನನ್ನ ಕಿವಿಯ ಹತ್ತಿರ ಬಂದರು. ಇವರು ಪಿಸುಸಾಹೇಬರಿಗೆ ತದ್ವಿರುದ್ಧ. ಗುಟ್ಟು ಹೇಳಿದರೂ ನಾಲ್ಕು ಕುರ್ಚಿಗೆ ಕೇಳಿಸಬೇಕು. ಕೈಯಲ್ಲಿ ಕೆಂಪು ದಾರ ಕಟ್ಟಿದ ಪೆನ್‌ಡ್ರೈವ್ ಆಡಿಸುತ್ತಿದ್ದರು.

"ಬೈಬೇಡಿ ಮೇಡಂ. ಫೋಟೊ ತೆಗೆಯೋ ಹಾಗಿಲ್ಲ ಅಂತ ಗೊತ್ತು. ಪತ್ರ ಸಿಕ್ಕ ದಿನಾನೇ ಫೋನಲ್ಲಿ ಒಂದು ಹೊಡ್ಕೊಂಡಿದ್ದೆ. ಯಾರಿಗೂ ಹೇಳಿಲ್ಲ. ಹೋದ ವಾರ ಫೋನು ನೀರಿಗೆ ಬಿತ್ತು, ಪುಣ್ಯಕ್ಕೆ ಇದರಲ್ಲೊಂದು ಹಾಕಿಟ್ಟಿದ್ದೆ. ಪತ್ರಾನ ಪೆಟ್ಟಿಗೆಯಿಂದ ತೆಗೀತಿದ್ದ ಹಾಗೇ ಪರದೆ ಮೇಲೂ ದೊಡ್ಡದಾಗಿ! ಹೇಗಿದೆ?"

ಹೇಳಿದವರೇ ಹೋಗಿ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿ, ಚಿತ್ರ ಸರಿಯಾಗಿ ಬರುತ್ತದೆಯೇ ಎಂದು ಪರೀಕ್ಷಿಸಿದರು.

ಪರದೆಯ ತುಂಬ ಪತ್ರ ಬಂತು.

ಅದೇ ಅಕ್ಷರ, ಅದೇ ಸಾಲು. 'ವೈರಿನ ಬಗ್ಗೆ ಅಟೆಂಡರು ಮೂರು ಬಾರಿ ತಿಳಿಸಿದ್ದರೂ ನಾನು ಕ್ರಮ ಕೈಗೊಳ್ಳಲಿಲ್ಲ. ಒಲೆ ತಣ್ಣಗಿತ್ತು.' ನನ್ನ ಕಣ್ಣು ಅಭ್ಯಾಸಬಲದಿಂದ ತೂತುಗಳನ್ನು ಹುಡುಕಿತು. ಮೇಲೆ ಒಂದು, ನಡುವೆ ಒಂದು, ಬಲಕ್ಕೆ ಒಂದು.

ಒಂದೂ ಇರಲಿಲ್ಲ.

ಕೆಂಪು ಗೆರೆಯೂ ಇರಲಿಲ್ಲ. ಅದರ ಬದಲು ಕೆಳಗಿನ ಎಡ ಮೂಲೆಯಲ್ಲಿ ಕಪ್ಪಗೆ ಏನೋ ಒಂದು ಗುರುತು.

ಪಕ್ಕದಲ್ಲಿ ಮುದುಕರು ಎದ್ದು ನಿಂತಿದ್ದರು. "ಅಗೋ," ಎಂದರು. "ನನ್ನ ಹೆಬ್ಬೆಟ್ಟು."

"ಏನಂದ್ರಿ ಅಣ್ಣಾ?"

"ಮಸಿ ಅದು. ನಾಲ್ಕು ದಿನದಿಂದ ಸುಟ್ಟ ಪುಸ್ತಕ ಎತ್ತಿ ಹಾಕ್ತಿದ್ದೆ. ಆಗಿನ ಗ್ರಂಥಪಾಲಕರು ಮನೆಗೆ ಕರೆಸಿ, ಪತ್ರ ನನಗೇ ಓದಿ ಹೇಳಿ, ಕುಲಸಚಿವರ ಕೈಗೆ ಕೊಟ್ಟು ಬಾ ಅಂದ್ರು. ಹಿಡ್ಕೊಂಡಾಗ ಮೂಲೆ ಕಪ್ಪಾಯ್ತು. ನಾನು ಹೆದರಿದೆ. 'ಇರಲಿ ಬಿಡು, ಅದೂ ನಿನ್ನ ಸಾಕ್ಷಿಯೇ' ಅಂದ್ರು ನಮ್ಮ ಯಜಮಾನ್ರು." ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಮರೆತಿದ್ದರು. "ಈ ಹೆಬ್ಬೆಟ್ಟಿನ ವಿಷಯ ಮಗಳಿಗೂ ಹೇಳಿಲ್ಲ ತಾಯಿ. ಕೊಳಕು ಕೈಯಲ್ಲಿ ಹಿಡಿದೆ ಅಂತ ನಾಚಿಕೆ."

ಅವರನ್ನು ಮೆಲ್ಲಗೆ ಕೂರಿಸಿದೆ.

ಅಸಲಿ ಪತ್ರ ಇತ್ತು. ಮೂರು ವಾರದ ಹಿಂದೆ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಯಾರೋ ತೆಗೆದು, ಅದರ ಅಕ್ಷರ ನೋಡಿಕೊಂಡು ಮಂಗಳವಾರ ಕೊಯ್ದ ಹಾಳೆಯ ಮೇಲೆ ನಕಲು ಮಾಡಿ, ಆ ನಕಲನ್ನು ಅದರ ಜಾಗದಲ್ಲಿಟ್ಟಿದ್ದರು. ತೂತಿಲ್ಲದ ಖಾಲಿ ಹಾಳೆಗಳು ಬೇರೆ ಪೆಟ್ಟಿಗೆಗಳಲ್ಲಿ ಬೇಕಾದಷ್ಟಿದ್ದರೂ ತೂತಿರುವ ಹಾಳೆಯನ್ನೇ ಆರಿಸಿದ್ದರು. ನಕಲಿ ಎಂದು ಸಿಕ್ಕಿಬೀಳಲಿ ಎಂದೇ ಮಾಡಿದ ನಕಲು ಅದು. ಸಿಕ್ಕಿಹಾಕಿಸುವುದಕ್ಕೆ ಹುಳುವಿನ ತೂತು ಓದಬಲ್ಲ ಒಬ್ಬಳು ಬೇಕಿತ್ತು. ಅವಳನ್ನು ಬೆಳಿಗ್ಗೆ ಫೋನು ಮಾಡಿ ಕರೆಸಿದ್ದರು.

ಪತ್ರ ಸಿಗಲೇ ಇಲ್ಲ ಎಂದರೆ ಜನ ಹುಡುಕುತ್ತಲೇ ಇರುತ್ತಾರೆ. ಸಿಕ್ಕ ಪತ್ರ ಸುಳ್ಳು ಎಂದಾದರೆ ಮುಂದೆ ಯಾರೂ ಹುಡುಕುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ಕೋಲು ನಾನು. ಬೇಲಿ ಹೊಲ ಮೇಯ್ದದ್ದು ನಿಜ, ನಾನು ಬೈದದ್ದು ಬೇರೆ ಬೇಲಿಗೆ.

ತಲೆಯೆತ್ತಿದೆ. ವೇದಿಕೆಯ ಪಕ್ಕದ ಬಾಗಿಲಲ್ಲಿ ಪಿಸುಸಾಹೇಬರು ಕಡತ ಹಿಡಿದು ನಿಂತು ಪರದೆಯನ್ನೇ ನೋಡುತ್ತಿದ್ದರು. ಫೋಟೊ ಇರುವುದು ಅವರಿಗೆ ಅದೇ ಗಳಿಗೆಯಲ್ಲಿ ಗೊತ್ತಾದಂತಿತ್ತು. ಮೇಷ್ಟ್ರು ಯಾರಿಗೋ ಕೈ ಕುಲುಕಲು ಕೆಳಗಿಳಿದಿದ್ದರು. ಸಾಹೇಬರು ಕಂಪ್ಯೂಟರಿನ ಹತ್ತಿರ ಹೋಗಿ ಬಗ್ಗಿದರು. ಪರದೆ ನೀಲಿಯಾಯಿತು.

ನಾನು ಏಳುವಷ್ಟರಲ್ಲಿ ಅವರು ಮೈಕು ಹಿಡಿದಿದ್ದರು.

"ಸ್ನೇಹಿತರೇ." ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ ಆ ದನಿ ಕೊನೆಯ ಸಾಲಿಗೂ ಮುಟ್ಟಿತು. "ಭಾಷಣಕ್ಕೆ ಮುಂಚೆ ಒಂದು ಮಾತು. ಈ ಸಭಾಂಗಣದಲ್ಲಿ ಸತ್ಯ ಮಾತ್ರ ಹೇಳಬೇಕು ಅನ್ನೋದು ನಮ್ಮ ಮಾವನವರ ಆಸೆಯಾಗಿತ್ತು. ಇವತ್ತಿನ ಪತ್ರವನ್ನು ನಮ್ಮ ಹಿರಿಯ ಮೇಡಂ ಪರೀಕ್ಷೆ ಮಾಡಿದಾರೆ. ಅವರ ಮಾತಿಗೆ ಎರಡನೇ ಮಾತಿಲ್ಲ. ಬನ್ನಿ ಮೇಡಂ."

ಚಪ್ಪಾಳೆ ಬಿತ್ತು. ಹಿಂದಿನ ಬಾಗಿಲಿನಿಂದ ಬೀಗದ ಹುಡುಗಿ ಓಡಿಬಂದು ಅಪ್ಪನ ತೋಳು ಹಿಡಿದಳು. "ಏಳಿ ಅಪ್ಪಾ, ಮನೆಗೆ ಹೋಗೋಣ." ಅವರು ಕೈ ಬಿಡಿಸಿಕೊಂಡರು. "ತಡಿ ಮಗಾ, ಈ ತಾಯಿ ಓದಿ ಹೇಳ್ತಾರೆ, ಕೇಳು."

ನಾಲ್ಕು ಮೆಟ್ಟಿಲು ಹತ್ತಲು ನನಗೆ ಬಹಳ ಹೊತ್ತು ಹಿಡಿಯಿತು.

"ಮೇಷ್ಟ್ರೇ, ಆ ಚಿತ್ರ ಇನ್ನೊಂದ್ಸಲ ಹಾಕಿ," ಎಂದೆ.

ಮೇಷ್ಟ್ರು ಓಡಿಬಂದು ಕಂಪ್ಯೂಟರು ತಡಕಾಡಿದರು. ಮೇಜಿನ ಕೆಳಗೂ ನೋಡಿದರು. "ಈಗ ಇಲ್ಲೇ ಇತ್ತಲ್ಲ ಮೇಡಂ! ಎಲ್ಲಿ ಹೋಯ್ತು?"

"ಚಿತ್ರ ಆಮೇಲೆ ನೋಡೋಣ," ಎಂದು ಸಾಹೇಬರು ಕಡತ ಬಿಚ್ಚಿ ಮೂರು ತೂತಿನ ಹಾಳೆಯನ್ನು ಸಭೆಗೆ ಕಾಣುವಂತೆ ಎತ್ತಿ ಹಿಡಿದರು. "ನನ್ನ ಕೈಲಿರೋ ಈ ಪತ್ರ. ಒಂದೇ ಮಾತಲ್ಲಿ ಹೇಳಿ ಮೇಡಂ. ಅಸಲಿಯೋ, ನಕಲಿಯೋ?"

ಅವರ ಅಂಗಿಯ ಜೇಬಿನಿಂದ ಒಂದು ಗೇಣು ಕೆಂಪು ದಾರ ಹೊರಗೆ ಜೋತಾಡುತ್ತಿತ್ತು.

ಮುಂದಿನ ಸಾಲಿನಲ್ಲಿ ಮುದುಕರು ಬಲಗೈಯನ್ನು ಕಿವಿಗೆ ಆನಿಸಿಕೊಂಡು ನನ್ನ ಉತ್ತರಕ್ಕೆ ಕಾಯುತ್ತಿದ್ದರು.